‘ರಿಪೇರಿ ಆಗುವುದಿಲ್ಲ, ಹೊಸತೇ ತೆಗೊಳ್ಳಿ!’

‘ಬೋರ್ಡ್ ಹೋಗಿದೆ. ಹಾಕಿಸಿದರೆ ಆರೇಳು ಸಾವಿರ ಆಗ್ತದೆ. ಅದಕ್ಕಿಂತ ಹೊಸತೇ ತೆಗೊಳ್ಳಿ.’ ಉಳ್ಳಾಲದಿಂದ ಸುರತ್ಕಲ್‌ವರೆಗೆ, ಬಿ.ಸಿ.ರೋಡಿನಿಂದ ಪುತ್ತೂರಿನವರೆಗೆ ಈ ಮಾತು ಕೇಳದ ಮನೆ ಇರಲಿಕ್ಕಿಲ್ಲ. ವಾಷಿಂಗ್ ಮೆಷಿನಿಗೆ ನಾಲ್ಕೋ ಐದೋ ವರ್ಷ ಆಗಿರುತ್ತದೆ, ಮೊಬೈಲಿಗೆ ಎರಡು ವರ್ಷ ತುಂಬಿರುವುದಿಲ್ಲ. ಡ್ರಮ್ ಚೆನ್ನಾಗಿಯೇ ಉಂಟು, ಮೋಟಾರ್ ತಿರುಗುತ್ತದೆ, ಬಾಡಿಗೆ ಒಂದು ಗೀರು ಇಲ್ಲ. ಆದರೂ ಅದು ಗುಜರಿಗೆ. ಅಂಗೈಯಷ್ಟು ದೊಡ್ಡ ಒಂದು ಬೋರ್ಡು ಕೆಟ್ಟದ್ದಕ್ಕೆ ಇಪ್ಪತ್ತು ಸಾವಿರದ ಮಾಲನ್ನು ಎಸೆಯಬೇಕು ಎಂಬುದನ್ನು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ಸರಕಾರದ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. 2025ರ ಸೆಪ್ಟಂಬರ್ 22ರಿಂದ ಎಸಿ, ಡಿಶ್‌ವಾಷರ್, 32 ಇಂಚಿಗಿಂತ ದೊಡ್ಡ ಟಿವಿ ಇವುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆ ಇಳಿದದ್ದು ಒಳ್ಳೆಯದೇ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದೇ ಎಸಿಯನ್ನು, ಅದೇ ಟಿವಿಯನ್ನು ಸರ್ವಿಸ್ ಸೆಂಟರಿಗೆ ಕೊಟ್ಟು ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲಿ ಬರುವ ಜಿಎಸ್‌ಟಿ ಮೊದಲೂ ಶೇ. 18, ಈಗಲೂ ಶೇ. 18. ಹೊಸತು ಕೊಳ್ಳುವವನಿಗೆ ಹಬ್ಬದ ಕೊಡುಗೆ ಸಿಕ್ಕಿತು. ಇದ್ದುದನ್ನು ಉಳಿಸಿಕೊಳ್ಳುವವನಿಗೆ ಏನೂ ಸಿಗಲಿಲ್ಲ. ಆ ದಿನಗಳಲ್ಲಿ ಪತ್ರಿಕೆಯ ಮುಖಪುಟ ತುಂಬಾ ಬಂದ ಜಾಹೀರಾತುಗಳಲ್ಲಿ ‘ಹಳತು ಕೊಡಿ, ಹೊಸತು ಒಯ್ಯಿರಿ’ ಎಂದಿತ್ತೇ ಹೊರತು ‘ಹಳತು ತನ್ನಿ, ಸರಿ ಮಾಡಿ ಕೊಡುತ್ತೇವೆ’ ಎಂದು ಎಲ್ಲೂ ಇರಲಿಲ್ಲ.

‘ರಿಪೇರಿಗಿಂತ ಹೊಸತೇ ಲಾಭ’ ಎಂಬ ಲೆಕ್ಕ ತಾನಾಗಿಯೇ ಹುಟ್ಟಿದ್ದಲ್ಲ. ಅದನ್ನು ಯಾರೋ ಕೂತು ಮಾಡಿದ್ದಾರೆ. ಹಣ ಕೊಡುವವರು ನಾವಾದ್ದರಿಂದ ಅದು ಹೇಗೆ ಆಯಿತು ಎಂದು ತಿಳಿದುಕೊಳ್ಳುವುದು ನಮ್ಮ ಅಗತ್ಯ.

ಲೆಕ್ಕ ಮಾಡಿದವರು ಯಾರು?

ಹಿಂದೆ ವಾಷಿಂಗ್ ಮೆಷಿನಿನ ಟೈಮರ್ ಹೋದರೆ ಟೈಮರ್ ಮಾತ್ರ ಬದಲಾಯಿಸುತ್ತಿದ್ದರು. ಬೆಲ್ಟ್ ತುಂಡಾದರೆ ಬೆಲ್ಟ್. ಈಗ ಎಲ್ಲವನ್ನೂ ನಡೆಸುವುದು ಒಂದು ಸರ್ಕ್ಯೂಟ್ ಬೋರ್ಡು. ಅದರಲ್ಲಿ ಹತ್ತು-ಇಪ್ಪತ್ತು ರೂಪಾಯಿಯ ಒಂದು ಬಿಡಿಭಾಗ ಸುಟ್ಟಿದ್ದರೂ ಕಂಪೆನಿಯ ಟೆಕ್ನೀಷಿಯನ್ ಅದನ್ನು ಮುಟ್ಟುವುದಿಲ್ಲ, ಇಡೀ ಬೋರ್ಡನ್ನೇ ಬದಲಿಸುತ್ತಾನೆ. ಎಷ್ಟೋ ಮೆಷಿನ್‌ಗಳಲ್ಲಿ ಬೋರ್ಡಿನ ಮೇಲೆ ಗಟ್ಟಿ ಅಂಟು ಸುರಿದಿರುತ್ತಾರೆ. ನೀರು ತಾಗದಿರಲಿ ಎಂಬುದು ಒಂದು ಕಾರಣ ಹೌದು. ಆದರೆ ಊರಿನ ರಿಪೇರಿಯವನ ಕೈಗೂ ಅದು ಸಿಗದಂತಾಗುತ್ತದೆ. ಮೊಬೈಲಿನ ಬ್ಯಾಟರಿಯ ಕತೆಯೂ ಇದೇ. ಒಂದು ಕಾಲದಲ್ಲಿ ಉಗುರಿನಿಂದ ಮುಚ್ಚಳ ತೆಗೆದು ಬ್ಯಾಟರಿ ಬದಲಾಯಿಸುತ್ತಿದ್ದೆವು. ಈಗ ಅದನ್ನು ಒಳಗೆ ಅಂಟಿಸಿಟ್ಟಿದ್ದಾರೆ.

ನಮ್ಮ ಕರಾವಳಿಯಲ್ಲಿ ಈ ಬೋರ್ಡುಗಳ ಆಯುಷ್ಯ ಇನ್ನೂ ಕಡಿಮೆ. ಮಳೆಗಾಲದ ತೇವ, ಕಡಲ ಉಪ್ಪುಗಾಳಿ, ಮಳೆಗಾಲದ ಮೊದಲೂ ಕೊನೆಯಲ್ಲೂ ಬರುವ ಸಿಡಿಲು, ಏರುಪೇರಾಗುವ ವೋಲ್ಟೇಜು, ಇವಕ್ಕೆಲ್ಲ ಸೇರಿ ಎಸಿಯ ಹೊರಗಿನ ಯೂನಿಟ್ಟಿನೊಳಗೆ ಹೊಕ್ಕು ಕೂರುವ ಹಲ್ಲಿ, ಇರುವೆ. ವಾರಂಟಿ ಕಾರ್ಡಿನ ಸಣ್ಣ ಅಕ್ಷರದಲ್ಲಿ ನೋಡಿದರೆ ವೋಲ್ಟೇಜು, ನೀರು, ಹುಳಹುಪ್ಪಟೆಯಿಂದಾದ ಹಾನಿಗೆ ಕಂಪೆನಿ ಜವಾಬ್ದಾರಿಯಲ್ಲ ಎಂದು ಬರೆದಿರುವುದು ಸಾಮಾನ್ಯ. ಅಂದರೆ ಇಲ್ಲಿ ಯಾವ ಕಾರಣಕ್ಕೆ ಮಾಲು ಕೆಡುತ್ತದೋ ಅದೇ ಕಾರಣವನ್ನು ವಾರಂಟಿಯಿಂದ ಹೊರಗಿಟ್ಟಿದ್ದಾರೆ. ಮಂಗಳೂರಿನಲ್ಲಿ ಮಾರುವಾಗ ಇಲ್ಲಿಯ ಹವೆ ಹೇಗೆಂದು ಕಂಪೆನಿಗೆ ಗೊತ್ತಿಲ್ಲವಾ?

ಬಿಡಿಭಾಗವನ್ನು ಬಿಗಿಹಿಡಿದು ಲಾಭ ಮಾಡುವುದು ಬರೀ ಗ್ರಾಹಕರ ಗುಮಾನಿಯಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಬಿಡಿಭಾಗ, ರಿಪೇರಿ ಮಾಹಿತಿ, ಉಪಕರಣಗಳನ್ನು ಹೊರಗಿನ ಗ್ಯಾರೇಜಿನವರಿಗೆ ಸಿಗದಂತೆ ತಡೆದು ಗ್ರಾಹಕನನ್ನು ತಮ್ಮ ವರ್ಕ್‌ಶಾಪಿಗೇ ಕಟ್ಟಿಹಾಕಿದ್ದಾರೆ ಎಂಬುದು ಆಯೋಗದ ತೀರ್ಮಾನ. ಮೇಲ್ಮನವಿಗಳಲ್ಲಿ ಪ್ರಕರಣ ವರ್ಷಗಟ್ಟಲೆ ಎಳೆಯಿತು. ಆದರೂ ಕಾರಿನ ವಿಷಯದಲ್ಲಿ ದೇಶದ ಒಂದು ಆಯೋಗ ಬರೆದಿಟ್ಟ ಮಾತು ಮಿಕ್ಸಿ, ಮೊಬೈಲು, ಫ್ರಿಜ್ಜಿನ ವಿಷಯದಲ್ಲಿ ಸುಳ್ಳಾಗಲು ಕಾರಣವಿಲ್ಲ.

‘ನೋ ಕಾಸ್ಟ್’ ಎಂಬ ಕಾಸ್ಟು

ರಿಪೇರಿ ಬೇಡ ಎಂದಾದ ಮೇಲೆ ಹೊಸತು. ಹೊಸತಕ್ಕೆ ಕೈಯಲ್ಲಿ ಹಣ ಇಲ್ಲ. ಅಲ್ಲಿಗೆ ಬರುತ್ತದೆ ‘ನೋ ಕಾಸ್ಟ್ ಇಎಂಐ’. ಬಡ್ಡಿಯಿಂದ ದೂರ ಇರಬೇಕೆಂದು ಬಯಸುವ ನಮ್ಮ ಎಷ್ಟೋ ಮನೆಗಳು ‘ಬಡ್ಡಿ ಇಲ್ಲವಂತೆ’ ಎಂಬ ಒಂದೇ ಮಾತಿಗೆ ಇದಕ್ಕೆ ಸಹಿ ಹಾಕುತ್ತವೆ.

ರಿಸರ್ವ್ ಬ್ಯಾಂಕ್ 2013ರ ಸೆಪ್ಟಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿ, ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲ, ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದಂಥ ರೂಪದಲ್ಲಿ ಮರೆಮಾಚಲಾಗುತ್ತದೆ ಎಂದು ಹೇಳಿತ್ತು. ಆಮೇಲೆ ಹೆಸರು ಬದಲಾಯಿತು. ‘ಝೀರೋ ಪರ್ಸೆಂಟ್’ ಹೋಗಿ ‘ನೋ ಕಾಸ್ಟ್’ ಬಂತು.

ಒಂದು ಉದಾಹರಣೆ ನೋಡೋಣ. 24,000 ರೂಪಾಯಿಯ ಮೊಬೈಲು, ಕ್ರೆಡಿಟ್ ಕಾರ್ಡಿನಲ್ಲಿ 12 ಕಂತು, ತಿಂಗಳಿಗೆ 2,000. ನೋಡಲಿಕ್ಕೆ ಬಡ್ಡಿ ಇಲ್ಲ. ಆದರೆ ಬ್ಯಾಂಕಿನ ಪುಸ್ತಕದಲ್ಲಿ ಇದು ಬಡ್ಡಿ ಸಾಲವೇ. ವಾರ್ಷಿಕ ಶೇ. 15 ಬಡ್ಡಿ ಎಂದಿಟ್ಟುಕೊಂಡರೆ ಸುಮಾರು 22,160 ರೂಪಾಯಿ ಅಸಲು, 1,840 ರೂಪಾಯಿ ಬಡ್ಡಿ. ಆ ಬಡ್ಡಿಯಷ್ಟು ಮೊತ್ತವನ್ನು ಕಂಪೆನಿಯೋ ಅಂಗಡಿಯೋ ‘ಡಿಸ್ಕೌಂಟ್’ ಎಂದು ಮೊದಲೇ ಕಳೆದಿರುತ್ತದೆ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇ. 18 ಜಿಎಸ್‌ಟಿ ಇರುವುದರಿಂದ ಸುಮಾರು 330 ರೂಪಾಯಿ ತೆರಿಗೆ ನಮ್ಮ ಮೇಲೆ. 199 ರೂಪಾಯಿ ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದಕ್ಕೂ ಜಿಎಸ್‌ಟಿ ಸೇರಿ ಇನ್ನೊಂದು 235. ಎಲ್ಲಕ್ಕಿಂತ ದೊಡ್ಡ ಮಾತು ಇದು: ಪೂರ್ತಿ ಹಣ ಒಮ್ಮೆಲೇ ಕೊಡುವವನಿಗೆ ಅಂಗಡಿಯವರು ಸಾವಿರವೋ ಎರಡು ಸಾವಿರವೋ ಬಿಡುತ್ತಿದ್ದರೆ, ಇಎಂಐಯವನಿಗೆ ಆ ರಿಯಾಯಿತಿ ಸಿಗುವುದಿಲ್ಲ. ನಮ್ಮ ರಿಯಾಯಿತಿಯನ್ನೇ ಬಡ್ಡಿಯಾಗಿ ಬ್ಯಾಂಕಿಗೆ ಕೊಟ್ಟ ಹಾಗಾಯಿತು.

ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ‘ಬಡ್ಡಿ ಉಂಟಾ?’ ಎಂದಲ್ಲ. ‘ಕ್ಯಾಶ್ ಕೊಟ್ಟರೆ ಎಷ್ಟು? ಕಂತಿನಲ್ಲಿ ಒಟ್ಟು ಎಷ್ಟು?’ ಎಂದು ಎರಡು ಮೊತ್ತ ಬರೆಸಿಕೊಳ್ಳಬೇಕು. ಎರಡರ ನಡುವಿನ ಅಂತರವನ್ನು ಏನೆಂದು ಕರೆಯಬೇಕು ಎಂಬುದು ಆಗ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ.

ಕೌಂಟರಿನ ಎರಡೂ ಬದಿ ನಮ್ಮವರೇ

ಬ್ಯಾರಿ ಎಂಬ ಹೆಸರನ್ನೇ ವ್ಯಾಪಾರ ಎಂಬ ಪದದೊಂದಿಗೆ ಜೋಡಿಸಿ ಹೇಳುವವರಿದ್ದಾರೆ. ಕೊಳ್ಳುವವರು ಮಾತ್ರವಲ್ಲ, ಮಾರುವವರೂ ನಾವೇ. ಷೋರೂಮಿನಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ತೆಗೆಸಲು ಒತ್ತಾಯಿಸುವ ಹುಡುಗ ನಮ್ಮ ಮನೆಯವನೇ ಆಗಿರಬಹುದು. ತಿಂಗಳಿಗೆ ಇಷ್ಟು ವಾರಂಟಿ, ಇಷ್ಟು ಇಎಂಐ ಫೈಲು ಎಂದು ಟಾರ್ಗೆಟ್ ಕೊಟ್ಟಿರುತ್ತಾರೆ. ಅವನನ್ನು ಬೈದು ಪ್ರಯೋಜನವಿಲ್ಲ. ‘ಕಾಕಾ, ಇದು ಹಾಕಿದರೆ ನಿಮಗೆ ಟೆನ್ಷನ್ ಇಲ್ಲ’ ಎಂಬ ಅವನ ಮಾತು ಅವನದ್ದಲ್ಲ, ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದು.

ಇನ್ನೊಂದು ಬದಿಯಲ್ಲಿ ರೇಡಿಯೋ, ವಾಚು, ಕೊಡೆ, ಹೊಲಿಗೆ ಯಂತ್ರ ರಿಪೇರಿ ಮಾಡಿ ಸಂಸಾರ ಸಾಕಿದವರೂ ನಮ್ಮಲ್ಲಿ ಕಡಿಮೆಯಿಲ್ಲ. ಗಲ್ಫ್‌ನಿಂದ ಪೆಟ್ಟಿಗೆ ಕಟ್ಟಿ ತಂದ ಟೇಪ್ ರೆಕಾರ್ಡರನ್ನು ಇಪ್ಪತ್ತು ವರ್ಷ ಹಾಡಿಸಿದ್ದು ಊರಿನ ರಿಪೇರಿ ಅಂಗಡಿಗಳು. ಹೆಡ್ ಸವೆದರೆ ಹೆಡ್, ಬೆಲ್ಟ್ ಸಡಿಲವಾದರೆ ಬೆಲ್ಟ್. ಈಗ ಅಂಥ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರು, ಚಾರ್ಜರು ನೇತಾಡುತ್ತವೆ. ಬೋರ್ಡಿನ ಮಟ್ಟದಲ್ಲಿ ರಿಪೇರಿ ಗೊತ್ತಿರುವ ಜಾಣ ಹುಡುಗರು ಈಗಲೂ ಇದ್ದಾರೆ, ಆದರೆ ಅವರಿಗೆ ಕಂಪೆನಿಯ ಬಿಡಿಭಾಗ ಸಿಗುವುದಿಲ್ಲ, ಸರ್ಕ್ಯೂಟಿನ ನಕ್ಷೆ ಸಿಗುವುದಿಲ್ಲ. ಡೂಪ್ಲಿಕೇಟ್ ಹಾಕಿದರೆ ಗ್ರಾಹಕನಿಗೆ ಅಸಮಾಧಾನ. ‘ಹೊಸತೇ ತೆಗೊಳ್ಳಿ’ ಎಂಬ ಮಾತಿನಿಂದ ನಮ್ಮ ಮನೆಯ ಹಣ ಮಾತ್ರ ಹೋಗುವುದಿಲ್ಲ, ನಮ್ಮದೇ ಹುಡುಗರ ಅನ್ನವೂ ಹೋಗುತ್ತದೆ.

ಇಷ್ಟರ ಮೇಲೆ ಮನೆಯೊಳಗಿನ ಒತ್ತಡವೂ ಉಂಟು. ಸೌದಿಯಲ್ಲೋ ದುಬೈಯಲ್ಲೋ ಒಂದು ರೂಮಿನಲ್ಲಿ ಆರೆಂಟು ಜನ ಮಲಗಿ ಉಳಿಸಿ ಕಳಿಸಿದ ಹಣದಲ್ಲಿ ಇಲ್ಲಿ ನಡೆಯುವ ಫೋನನ್ನು ಬದಿಗಿಟ್ಟು ಹೊಸ ಫೋನು ಬರುತ್ತದೆ. ಮದುವೆ ಮನೆಗೆ ಉಡುಗೊರೆ ಎಂದು ಬಂದ ಎರಡು ಮಿಕ್ಸಿ, ಮೂರು ಐರನ್ ಬಾಕ್ಸು ಅಟ್ಟದಲ್ಲಿ ಕೂತಿರುತ್ತವೆ. ಕಂಪೆನಿಯವರು ದೋಚುತ್ತಾರೆ ಎಂಬುದು ಸರಿ, ಆದರೆ ಇದಕ್ಕೆಲ್ಲ ಕಂಪೆನಿಯನ್ನೇ ದೂರಲಿಕ್ಕೆ ಆಗುವುದಿಲ್ಲ. ಪ್ರವಾದಿಯವರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಮದ್ರಸದಲ್ಲಿ ಕಲಿತ ಮಕ್ಕಳಿಗೆ, ಮನೆಯಲ್ಲಿ ಯಾರಾದರೂ ಸ್ಕ್ರೂಡ್ರೈವರ್ ಹಿಡಿಯುವುದನ್ನು ನೋಡುವ ಅವಕಾಶವೇ ಇಲ್ಲವಾಗಿದೆ.

ಕಾನೂನು ನಮ್ಮ ಕೈಗೆ ಕೊಟ್ಟದ್ದು

ಕೇಂದ್ರ ಸರಕಾರ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿತು. ಕೃಷಿ ಯಂತ್ರ, ಮೊಬೈಲು ಮತ್ತು ಇಲೆಕ್ಟ್ರಾನಿಕ್ಸ್, ಮನೆಬಳಕೆಯ ಸಾಮಾನು, ವಾಹನ ಎಂಬ ನಾಲ್ಕು ವಿಭಾಗಗಳಲ್ಲಿ ಕಂಪೆನಿಗಳ ವಾರಂಟಿ, ಬಿಡಿಭಾಗ, ಸರ್ವಿಸ್ ಸೆಂಟರಿನ ವಿವರ ಅಲ್ಲಿ ಸಿಗುತ್ತದೆ. ಮಾಹಿತಿ ಸಿಗುತ್ತದೆ ಎಂಬುದೇ ಅದರ ಗುಣ, ಮಾಹಿತಿ ಮಾತ್ರ ಸಿಗುತ್ತದೆ ಎಂಬುದೇ ಅದರ ದೋಷ. ಬಿಡಿಭಾಗ ಕೊಡಲೇಬೇಕೆಂದು ಕಂಪೆನಿಯನ್ನು ಒತ್ತಾಯಿಸುವ ಬಲ ಅದಕ್ಕಿಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಲ್ಲಿ ಮೊಬೈಲು, ಲ್ಯಾಪ್‌ಟಾಪು, ಟಿವಿ, ವಾಷಿಂಗ್ ಮೆಷಿನಿನ ಮೇಲೆ ‘ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ’ ಎಂದು ಹತ್ತರಲ್ಲಿ ಇಷ್ಟು ಅಂಕ ಎಂದು ನಮೂದಿಸುವುದನ್ನು ಕಡ್ಡಾಯ ಮಾಡಿದ್ದರು. ನಮ್ಮಲ್ಲಿ ಫ್ರಿಜ್ಜಿನ ಮೇಲೆ ಕರೆಂಟು ಉಳಿಸುವ ಸ್ಟಾರ್ ನೋಡಿ ಕೊಳ್ಳುವ ಅಭ್ಯಾಸ ಜನರಿಗೆ ಆಗಿದೆ. ರಿಪೇರಿಗೂ ಅಂಥದ್ದೇ ಒಂದು ಗುರುತು ಕಡ್ಡಾಯವಾಗಬೇಕು. ರಿಪೇರಿ ಸೇವೆಯ ಜಿಎಸ್‌ಟಿ ಇಳಿಯಬೇಕು. ಇವೆರಡನ್ನು ನಮ್ಮ ಸಂಸದರ ಮುಂದೆ ಬೇಡಿಕೆಯಾಗಿ ಇಡಬಹುದು.

ಅಲ್ಲಿಯವರೆಗೆ ಈಗಲೇ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಬಿಲ್ ಕೊಡದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಿಂದೆ ತೆಗೆದುಕೊಳ್ಳಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ. ‘ಮಾರಿದ ಮಾಲು ಹಿಂದೆ ತೆಗೆದುಕೊಳ್ಳಲಾಗುವುದಿಲ್ಲ’ ಎಂದು ಬೋರ್ಡು ತೂಗುಹಾಕಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ.

ಮೊದಲು ಮಾಡಬೇಕಾದದ್ದು 1915ಕ್ಕೆ ಫೋನು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ತೀರ್ಪು ಸಿಗುವುದಿಲ್ಲ, ದೂರು ಕಂಪೆನಿಗೆ ಹೋಗುತ್ತದೆ. ಅಷ್ಟಕ್ಕೇ ಸರಿಯಾದ ಪ್ರಕರಣಗಳೂ ಇವೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪೆನಿಯ ಕಚೇರಿ ಮುಂಬೈಯಲ್ಲಿರಲಿ, ದಿಲ್ಲಿಯಲ್ಲಿರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು ಹೊಸ ಕಾಯ್ದೆಯ ದೊಡ್ಡ ಅನುಕೂಲ. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ ಎಂದು ತಿಳಿದೇ ಹೋಗಬೇಕು.

ಇದಕ್ಕೆಲ್ಲ ಬೇಕಾದದ್ದು ಕಾಗದ. ಬಿಲ್, ವಾರಂಟಿ ಕಾರ್ಡು, ಸರ್ವಿಸಿನವರು ಬಂದುಹೋದ ಜಾಬ್ ಶೀಟ್. ಷೋರೂಮಿನ ಬಿಲ್ ಎಷ್ಟೋ ಸಲ ಥರ್ಮಲ್ ಕಾಗದದ್ದು, ಆರು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ತಂದ ದಿನವೇ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಬೇಕು. ‘ರಿಪೇರಿ ಆಗುವುದಿಲ್ಲ’ ಎಂದು ಟೆಕ್ನೀಷಿಯನ್ ಹೇಳಿದರೆ ಅದನ್ನು ಬರೆದು ಕೊಡಲು ಕೇಳಬೇಕು. ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಯಾರೂ ಬರೆದು ಕೊಡುವುದಿಲ್ಲ. ಬರೆಯಬೇಕಾದಾಗ ಎಷ್ಟೋ ಸಲ ಬಿಡಿಭಾಗವೂ ಸಿಗುತ್ತದೆ.

ಒಂದು ಕೆಲಸ ಸಂಘಟನೆಗಳಿಗೆ. ರಕ್ತದಾನ ಶಿಬಿರವನ್ನು ನಮ್ಮ ಯುವಕರು ಎಷ್ಟು ಶಿಸ್ತಿನಿಂದ ನಡೆಸುತ್ತಾರೆಂದು ಕರಾವಳಿಗೇ ಗೊತ್ತು. ಎರಡು ತಿಂಗಳಿಗೊಮ್ಮೆ ಒಂದು ರವಿವಾರ ಜಮಾಅತಿನ ಹಾಲಿನಲ್ಲಿ ರಿಪೇರಿ ಶಿಬಿರ ಯಾಕಾಗಬಾರದು? ಐಟಿಐ ಕಲಿತ ನಾಲ್ಕು ಹುಡುಗರು, ಹಳೆಯ ಒಬ್ಬ ಮೆಕ್ಯಾನಿಕ್, ಕಾಯ್ದೆ ತಿಳಿದ ಒಬ್ಬರು ಸಾಕು. ಕೆಲಸ ಮಾಡಿದವರಿಗೆ ನ್ಯಾಯವಾದ ಮಜೂರಿ ಕೊಟ್ಟೇ ಮಾಡಿಸೋಣ, ಪುಕ್ಕಟೆ ಬೇಡ. ಅಟ್ಟದಲ್ಲಿ ಧೂಳು ತಿನ್ನುವ ಮಿಕ್ಸಿ, ಫ್ಯಾನು, ಕುಕ್ಕರು ಮೊದಲು ಅಲ್ಲಿಗೆ ಬರಲಿ. ಅಲ್ಲಿ ಸರಿಯಾಗದಿದ್ದರೆ ಮಾತ್ರ ಷೋರೂಮಿಗೆ ಹೋಗುವ ಮಾತು.