ಸಂದರ್ಶನಕ್ಕೂ ಗೈಡೇ?

ಹತ್ತನೆಯ ತರಗತಿಯ ಗೈಡುಗಳನ್ನು ಶಾಲೆಯೊಳಗೆ ತರಕೂಡದೆಂದು ಮೂವತ್ತು ವರ್ಷ ಹಟ ಹಿಡಿದವನು ನಾನು. ಆ ಗೈಡು ಈಗ ವೇಷ ಬದಲಿಸಿ, ಇಂಗ್ಲಿಷ್ ಕಲಿತು, ನನ್ನ ಹಳೆಯ ವಿದ್ಯಾರ್ಥಿಗಳ ಕೈಯಲ್ಲೇ ಮತ್ತೆ ಪ್ರತ್ಯಕ್ಷವಾಗಿದೆ. ಬೆಂಗಳೂರಿನಲ್ಲಿ ಗೂಗಲ್, ಅಮೆಜಾನ್‌ಗಳಂಥ ಕಂಪನಿಗಳ ‘ಪ್ರಾಡಕ್ಟ್ ಮ್ಯಾನೇಜರ್’ ಹುದ್ದೆಯ ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ಕೆಲವರು ಈಚೆಗೆ ದೂರವಾಣಿಯಲ್ಲಿ ತಮ್ಮ ಉತ್ತರಗಳನ್ನು ನನಗೆ ಒಪ್ಪಿಸಿದರು. ‘ಒಪ್ಪಿಸಿದರು’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಮಗ್ಗಿ ಒಪ್ಪಿಸಿದಂತೆಯೇ ಇತ್ತು.

ಈ ಹುದ್ದೆಯ ಹೆಸರು ಕೇಳದ ಬಂಧುಗಳಿಗಾಗಿ ಒಂದು ಮಾತು. ಪ್ರೋಗ್ರಾಂ ಬರೆಯುವವರು ಬೇರೆ, ಮಾರುವವರು ಬೇರೆ. ಏನನ್ನು ಮಾಡಬೇಕು, ಯಾರಿಗಾಗಿ ಮಾಡಬೇಕು, ಯಾವುದನ್ನು ಸದ್ಯಕ್ಕೆ ಕೈಬಿಡಬೇಕು ಎಂದು ನಿರ್ಧರಿಸಿ ಅವರೆಲ್ಲರನ್ನೂ ಒಂದು ದಾರಿಗೆ ತರುವವರು ಪ್ರಾಡಕ್ಟ್ ಮ್ಯಾನೇಜರ್. ಈ ಕೆಲಸದ ಮೂಲವನ್ನು ಹುಡುಕುವವರು 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಬರೆದ ಟಿಪ್ಪಣಿಯೊಂದರತ್ತ ಬೆರಳು ಮಾಡುತ್ತಾರೆ. ಕಂಪನಿಯ ಒಂದೊಂದು ಸರಕಿಗೂ ಅದರ ಸಂಪೂರ್ಣ ಹೊಣೆ ಹೊರುವ ಒಬ್ಬ ಮನುಷ್ಯ ಬೇಕೆಂಬುದು ಅದರ ಸಾರ. ಮಾರಾಟ ಕುಗ್ಗಿದ ಪ್ರದೇಶಕ್ಕೆ ಆತ ಖುದ್ದಾಗಿ ಹೋಗಿ ಅಂಗಡಿಯವರನ್ನೂ ಬಳಸುವವರನ್ನೂ ಕಂಡು ಬರಬೇಕು ಎಂದು ಆ ಟಿಪ್ಪಣಿ ಸ್ಪಷ್ಟವಾಗಿ ಹೇಳಿತ್ತು. ಕಂಡು ಬರಬೇಕು! ಇಂದಿನ ಅಭ್ಯರ್ಥಿಗಳು ಮರೆತಿರುವುದು ಇದನ್ನೇ.

2013ರಲ್ಲಿ ಈ ಸಂದರ್ಶನಗಳಿಗೆಂದೇ ಎರಡು ಪ್ರಸಿದ್ಧ ಪುಸ್ತಕಗಳು ಹೊರಬಂದವು: ‘ಕ್ರ್ಯಾಕಿಂಗ್ ದ ಪಿಎಂ ಇಂಟರ್‌ವ್ಯೂ’ ಮತ್ತು ಲೂಯಿಸ್ ಲಿನ್ ಅವರ ‘ಡಿಕೋಡ್ ಅಂಡ್ ಕಾಂಕರ್’. ಎರಡನೆಯದರಲ್ಲಿರುವ ‘ಸರ್ಕಲ್ಸ್’ ಎಂಬ ಏಳು ಮೆಟ್ಟಿಲುಗಳ ಕ್ರಮ ಬಹಳ ಜನಪ್ರಿಯ. ಸಂದರ್ಭವನ್ನು ಗ್ರಹಿಸು, ಬಳಕೆದಾರನನ್ನು ಗುರುತಿಸು, ಅವನ ಅಗತ್ಯಗಳನ್ನು ಹೇಳು ಎಂದು ಅದು ಸಾಗುತ್ತದೆ. ಪುಸ್ತಕಗಳ ಮೇಲೆ ನನಗೆ ಮುನಿಸಿಲ್ಲ. ನಾವು ಬಿ.ಎಡ್.ನಲ್ಲಿ ಹರ್ಬಾರ್ಟನ ಹೆಸರಿನ ಪಂಚ ಸೋಪಾನಗಳನ್ನು ಕಲಿತೇ ಪಾಠಯೋಜನೆ ಬರೆದವರು. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಅನಿರೀಕ್ಷಿತ ಪ್ರಶ್ನೆ ಕೇಳಿದೊಡನೆ ಐದು ಸೋಪಾನಗಳೂ ಕುಸಿಯುತ್ತವೆ; ಆಗ ಉಳಿಯುವುದು ಮೇಷ್ಟರಿಗೆ ವಿಷಯ ಗೊತ್ತೇ ಇಲ್ಲವೇ ಎಂಬುದಷ್ಟೇ.

‘ವೃದ್ಧರಿಗಾಗಿ ಒಂದು ಎಟಿಎಂ ರೂಪಿಸಿ’ ಎಂಬ ಪ್ರಶ್ನೆಯನ್ನು ಮೂವರಿಗೆ ಕೊಟ್ಟೆ. ಇಂಥ ಸಂದರ್ಶನಗಳಲ್ಲಿ ಕೇಳುವ ಮಾದರಿಯ ಪ್ರಶ್ನೆಯೇ ಅದು. ಮೂವರೂ ಒಂದೇ ಅನುಕ್ರಮದಲ್ಲಿ ಒಂದೇ ಉತ್ತರ ಹೇಳಿದರು: ದೊಡ್ಡ ಅಕ್ಷರ, ಧ್ವನಿಯ ಸೂಚನೆ, ಬೆರಳಚ್ಚು. ಮೌಲ್ಯಮಾಪನ ಕೇಂದ್ರದಲ್ಲಿ ಒಂದೇ ಗೈಡಿನ ಉತ್ತರವನ್ನು ನೂರು ಪತ್ರಿಕೆಗಳಲ್ಲಿ ಓದಿದವನಿಗೆ ಅದನ್ನು ಗುರುತಿಸಲು ಎಷ್ಟು ಹೊತ್ತು? ಅರವತ್ತು ದಾಟಿದ ನಾನು ಹೇಳುತ್ತೇನೆ ಕೇಳಿ: ನನ್ನ ವಯಸ್ಸಿನವರಿಗೆ ಅಕ್ಷರಕ್ಕಿಂತ ಹೆಚ್ಚಿನ ಭಯ ಬೆನ್ನ ಹಿಂದಿನ ಸಾಲಿನದು. ನಿಧಾನಿಸಿದರೆ ಯಂತ್ರ ವ್ಯವಹಾರವನ್ನೇ ರದ್ದುಗೊಳಿಸುತ್ತದೆ, ಹಿಂದಿನವರು ಗೊಣಗುತ್ತಾರೆ. ಆದ್ದರಿಂದಲೇ ಎಷ್ಟೋ ಅಜ್ಜಿಯರು ಕಾರ್ಡನ್ನೂ ಪಿನ್ನನ್ನೂ ಮೊಮ್ಮಗನ ಕೈಗೋ, ಬಾಗಿಲ ಬಳಿಯ ಕಾವಲುಗಾರನ ಕೈಗೋ ಕೊಟ್ಟುಬಿಡುತ್ತಾರೆ. ಈ ಮೂವರೂ ಅಂಥ ಅಜ್ಜಿಯರ ಮೊಮ್ಮಕ್ಕಳೇ. ಕಣ್ಣಾರೆ ಕಂಡದ್ದನ್ನು ಬದಿಗಿಟ್ಟು ಪುಸ್ತಕದ ಬದನೆಕಾಯಿಯನ್ನು ಬಡಿಸಿದರು.

‘ಸಾರ್, ಕನ್ನಡ ಮಾಧ್ಯಮದಲ್ಲಿ ಓದಿದವರು ನಾವು. ಆ ಕಂಪನಿಗಳಲ್ಲಿ ನಮಗೆ ಚಿಕ್ಕಪ್ಪ ದೊಡ್ಡಪ್ಪ ಯಾರೂ ಇಲ್ಲ. ಆಟದ ನಿಯಮ ತಿಳಿಯಲಾದರೂ ಪುಸ್ತಕ ಬೇಡವೇ?’ ಎಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನಿಯಮ ತಿಳಿಯಲು ಒಂದು ವಾರ ಓದಿ, ಬೇಡವೆನ್ನುವುದಿಲ್ಲ. ಆದರೆ ಆರು ತಿಂಗಳು, ಅದೂ ದುಬಾರಿ ಶುಲ್ಕ ತೆತ್ತು, ಅದನ್ನೇ ಉರು ಹೊಡೆಯುವುದು ಏತಕ್ಕೆ? ಪಡಿತರದಂಗಡಿಯ ಸಾಲು, ಸಿಗ್ನಲ್ ಸಿಗದೆ ಮನೆಯ ಮಾಳಿಗೆ ಹತ್ತುವ ಅಪ್ಪ, ಒಂದೇ ಮೊಬೈಲನ್ನು ನಾಲ್ವರು ಬಳಸುವ ಮನೆ ಇವೆಲ್ಲ ನಿಮ್ಮ ಬಂಡವಾಳ. ದೊಡ್ಡ ನಗರದ ದೊಡ್ಡ ಶಾಲೆಯಲ್ಲಿ ಓದಿದವರಿಗೆ ಇದು ದುಡ್ಡು ಕೊಟ್ಟರೂ ಸಿಗದು. ಅದನ್ನು ಬಚ್ಚಿಟ್ಟು ಅವರದೇ ಮಾತನ್ನು ಅವರಿಗಿಂತ ತಡವರಿಸುತ್ತ ಹೇಳಿದರೆ ಗೆಲ್ಲುವವರು ಯಾರು?

ಲೆಕ್ಕದ ಪ್ರಶ್ನೆಗಳದೂ ಇದೇ ಕಥೆ. ಷಿಕಾಗೋ ನಗರದಲ್ಲಿ ಪಿಯಾನೋ ಶ್ರುತಿ ಮಾಡುವವರು ಎಷ್ಟು ಮಂದಿ ಎಂಬುದು ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಶ್ನೆ. ನಾನು ಕೇಳಿದ್ದು ಪಂಚರ್ ಅಂಗಡಿಗಳನ್ನು. ಮೂವತ್ತು ಸಾವಿರ ಜನರ ಊರು; ಮನೆಗೆ ನಾಲ್ವರೆಂದರೆ 7,500 ಮನೆ; ಮನೆಗೊಂದು ದ್ವಿಚಕ್ರ ವಾಹನ, ವರ್ಷಕ್ಕೆರಡು ಪಂಚರ್ ಎಂದರೆ ವರ್ಷಕ್ಕೆ 15,000; ಮುನ್ನೂರು ದಿನಕ್ಕೆ ಹಂಚಿದರೆ ದಿನಕ್ಕೆ 50; ಅಂಗಡಿಗೆ ಹತ್ತರಂತೆ ಐದು ಅಂಗಡಿ. ಗೈಡು ಇಲ್ಲಿಗೆ ನಿಲ್ಲುತ್ತದೆ. ಆದರೆ ಊರಲ್ಲಿ ಐದಕ್ಕಿಂತ ಹೆಚ್ಚು ಅಂಗಡಿಗಳಿದ್ದರೆ? ಸುತ್ತಲಿನ ಹಳ್ಳಿಗಳ ವಾಹನಗಳೂ ಬರುತ್ತವೆ, ಲಾರಿ ಟ್ರ್ಯಾಕ್ಟರುಗಳಿವೆ, ಅಂಗಡಿಯವನು ಗಾಳಿ ಹಾಕಿಯೂ ಸಂಪಾದಿಸುತ್ತಾನೆ. ತನ್ನ ಲೆಕ್ಕವನ್ನು ತಾನೇ ಅನುಮಾನಿಸುವುದು ಇಲ್ಲಿ ಮುಖ್ಯ. ಬರೀ ಒಗಟುಗಳನ್ನು ಕೇಳುವುದು ಶುದ್ಧ ಕಾಲಹರಣವೆಂದು ಗೂಗಲ್‌ನ ಆಗಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದ್ದರು. ನಮ್ಮವರು ಇನ್ನೂ ಒಗಟಿನ ಉತ್ತರಗಳನ್ನೇ ಬಾಯಿಪಾಠ ಮಾಡುತ್ತಿದ್ದಾರೆ.

ಇನ್ನೊಂದು ಸಂಗತಿ. ಅಮೆಜಾನ್‌ನಲ್ಲಿ 16 ನಾಯಕತ್ವ ಸೂತ್ರಗಳಿವೆ. ಅವನ್ನು ಹಿಡಿದು ‘ಹಿಂದೆ ಇಂಥ ಸಂದರ್ಭದಲ್ಲಿ ನೀವೇನು ಮಾಡಿದಿರಿ’ ಎಂದು ಕೇಳುತ್ತಾರೆ. ನಮ್ಮ ಮಕ್ಕಳು ವಿನಯದಿಂದ ‘ನಾವು ಮಾಡಿದೆವು’ ಎನ್ನುತ್ತಾರೆ. ಕೇಳುವವರಿಗೆ ಬೇಕಾದದ್ದು ‘ನಾನು’. ನೀವು ಮಾಡಿದ್ದನ್ನು ನೀವು ಮಾಡಿದ್ದೆಂದು ಹೇಳುವುದು ಜಂಭವಲ್ಲ, ಸಾಕ್ಷ್ಯ. ಆದರೆ ಗೈಡಿನಿಂದ ಎರವಲು ತಂದ ಕಥೆಯನ್ನು ‘ನಾನು’ ಎಂದು ಹೇಳಹೊರಟರೆ, ಮೂರನೆಯ ಉಪಪ್ರಶ್ನೆಗೇ ಗಂಟಲು ಒಣಗುತ್ತದೆ.

ಮುಂದಿನ ವಾರ ಉತ್ತರ ಒಪ್ಪಿಸಲು ಕರೆ ಮಾಡಬೇಕೆಂದಿರುವವರು ಮೊದಲು ಯಾವುದಾದರೂ ಬ್ಯಾಂಕಿನ ಎದುರು ಅರ್ಧ ಗಂಟೆ ನಿಂತು ಬನ್ನಿ. ಅಲ್ಲಿ ಕಂಡದ್ದನ್ನು ಹೇಳಿ, ಕನ್ನಡದಲ್ಲೇ ಹೇಳಿ. ಇಂಗ್ಲಿಷಿಗೆ ಆಮೇಲೆ ತಂದುಕೊಳ್ಳೋಣ. ಸಂಜೆ ಐದರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.