ಐದು ಸಾವಿರದ ನಲವತ್ತು

ಒಂದು ಸಂಖ್ಯೆಗೆ ಎಷ್ಟು ಭಾಜಕಗಳಿವೆ ಎಂದು ಎಣಿಸುವುದು ಶಾಲೆಯ ಹುಡುಗರ ಕೆಲಸ, ಅದರಲ್ಲಿ ಘನವಾದ ಗಣಿತವೇನಿದ್ದೀತು ಎನ್ನುವವರು ಉಂಟು. ಅಂಥವರ ಮುಂದೆ ನಾವು 5040ನ್ನು ಇಡಬಯಸುತ್ತೇವೆ.

1ರಿಂದ 7ರವರೆಗಿನ ಸಂಖ್ಯೆಗಳ ಗುಣಲಬ್ಧ 5040. 7, 8, 9, 10 ಈ ನಾಲ್ಕರ ಗುಣಲಬ್ಧವೂ ಅದೇ. ಗ್ರೀಸಿನ ಪ್ಲೇಟೋ ತಾನು ಕಲ್ಪಿಸಿದ ಆದರ್ಶ ನಗರದಲ್ಲಿ 5040 ಮನೆತನಗಳಿರಬೇಕೆಂದು ವಿಧಿಸಿದನು. ಭೂಮಿಯ ಹಂಚಿಕೆಗಾಗಲಿ ಯುದ್ಧಕಾಲದ ಏರ್ಪಾಡಿಗಾಗಲಿ ಇಷ್ಟು ಬಗೆಯಾಗಿ ಸಮಪಾಲಾಗುವ ಸಂಖ್ಯೆ ಅನುಕೂಲವೆಂಬುದು ಅವನ ಎಣಿಕೆ. 12ರವರೆಗಿನ ಸಂಖ್ಯೆಗಳಲ್ಲಿ 11 ಒಂದನ್ನುಳಿದು ಎಲ್ಲವೂ ಇದನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ಎರಡು ಮನೆಗಳನ್ನು ಬಿಟ್ಟರೆ 11ರ ಕೊರತೆಯೂ ನೀಗುತ್ತದೆಂದು ಅವನು ಹೇಳಿದ್ದಾನೆ. ಆ ಎರಡು ಮನೆಯವರು ಒಪ್ಪುತ್ತಿದ್ದರೇ ಎಂಬುದು ಬೇರೆ ಮಾತು.

5040ಕ್ಕೆ ತನ್ನನ್ನೂ ಸೇರಿಸಿ 60 ಭಾಜಕಗಳಿವೆ. ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಅಷ್ಟಿಲ್ಲ. ಹೀಗೆ ತನಗಿಂತ ಚಿಕ್ಕವೆಲ್ಲವನ್ನೂ ಭಾಜಕಗಳಲ್ಲಿ ಮೀರಿಸುವ ಸಂಖ್ಯೆಗಳನ್ನು ಕುರಿತು ಶ್ರೀನಿವಾಸ ರಾಮಾನುಜನ್ 1915ರಲ್ಲಿ ಲಂಡನ್ ಗಣಿತ ಸಂಘದ ಪತ್ರಿಕೆಯಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ಯುದ್ಧದ ದಿನಗಳು, ಸಂಘಕ್ಕೆ ಹಣದ ಮುಗ್ಗಟ್ಟು. ವೆಚ್ಚ ಉಳಿಸಲು ಪ್ರಬಂಧದ ಒಂದು ಭಾಗವನ್ನು ಕೈಬಿಡಲಾಯಿತು.

ಕೈಬಿಟ್ಟ ಭಾಗದಲ್ಲಿ ಏನಿತ್ತೆಂಬುದನ್ನು ತಿಳಿಯಲು ಒಂದು ಚಿಕ್ಕ ಲೆಕ್ಕ ಮಾಡೋಣ. 5040ರ ಭಾಜಕಗಳನ್ನೆಲ್ಲ ಕೂಡಿದರೆ 19344. ಇದನ್ನು 5040ರಿಂದ ಭಾಗಿಸಿದರೆ ಸುಮಾರು 3.838. ಇನ್ನು 5040ರ ಸ್ವಾಭಾವಿಕ ಲಾಗರಿದಮ್ ತೆಗೆದು, ಅದರ ಲಾಗರಿದಮ್ಮನ್ನು ಮತ್ತೆ ತೆಗೆದು, 1.781ರಿಂದ ಗುಣಿಸಿದರೆ ಸುಮಾರು 3.817. ಮೊದಲನೆಯದು ಎರಡನೆಯದನ್ನು ಕೂದಲೆಳೆಯಷ್ಟು ಮೀರಿದೆ. ಹೀಗೆ ಮೀರುವ ಸಂಖ್ಯೆಗಳು 5040ರವರೆಗೆ, ಅದೂ ಸೇರಿ, 27 ಇವೆ. ಅದರಾಚೆ ಒಂದೂ ಸಿಕ್ಕಿಲ್ಲ. ಎಂದೂ ಸಿಗದೆಂದು ಸಾಧಿಸಿದರೆ, 1859ರಲ್ಲಿ ರೀಮಾನ್ ಮುಂದಿಟ್ಟ, ಅವಿಭಾಜ್ಯ ಸಂಖ್ಯೆಗಳ ಹರಹನ್ನು ಆಳುವ ಊಹೆಯನ್ನೇ ಸಾಧಿಸಿದಂತೆ. ಒಂದು ಸಿಕ್ಕಿದರೂ ಆ ಊಹೆ ಬಿದ್ದುಹೋಗುತ್ತದೆ. 1984ರಲ್ಲಿ ಫ್ರಾನ್ಸಿನ ಗೀ ರೊಬ್ಯಾಂ ತೋರಿಸಿದ ಪ್ರಮೇಯವಿದು. ಪ್ಲೇಟೋ ಮನೆಗಳನ್ನೆಣಿಸಲು ಆರಿಸಿದ ಸಂಖ್ಯೆಯೇ ಗಣಿತದ ಅತಿ ದೊಡ್ಡ ಬಗೆಹರಿಯದ ಪ್ರಶ್ನೆಯ ಬಾಗಿಲಲ್ಲಿ ನಿಂತಿದೆ!

ರೀಮಾನನ ಊಹೆ ನಿಜವಾದರೆ ಸಾಕಷ್ಟು ದೊಡ್ಡ ಸಂಖ್ಯೆಗಳೆಲ್ಲ ಆ ಮಿತಿಯೊಳಗೇ ಉಳಿಯುತ್ತವೆ ಎಂಬ ಫಲಿತಾಂಶ ರಾಮಾನುಜನ್ನರ ಅಚ್ಚಾಗದ ಪುಟಗಳಲ್ಲಿ ಅಡಗಿತ್ತು. 5040 ಎಂಬ ನಿಖರವಾದ ಗಡಿಯೂ ವಿಲೋಮದ ಸಾಧನೆಯೂ ರೊಬ್ಯಾಂ ಅವರವು. ಆ ಕೀರ್ತಿ ಅವರಿಗೇ ಸಲ್ಲಬೇಕು. ಆದರೆ ಅವರ ಪ್ರಮೇಯ ಪ್ರಕಟವಾದಾಗಲೂ ರಾಮಾನುಜನ್ನರ ಪುಟಗಳು ಅಚ್ಚಿನ ಮುಖ ಕಂಡಿರಲಿಲ್ಲ. ಝಾನ್-ಲೂಯಿ ನಿಕೊಲಾ ಮತ್ತು ರೊಬ್ಯಾಂ ಟಿಪ್ಪಣಿಗಳೊಡನೆ ಅವನ್ನು ಬೆಳಕಿಗೆ ತಂದದ್ದು 1997ರಲ್ಲಿ, ಮೂಲ ಪ್ರಬಂಧ ಬಂದ 82 ವರ್ಷಗಳ ಮೇಲೆ.

ಯುದ್ಧಕಾಲದ ಸಂಪಾದಕರನ್ನು ನಾವು ದೂರುವುದಿಲ್ಲ. ಆದರೆ ಇಂದು ಕಂಪ್ಯೂಟರಿನಲ್ಲಿ ಪುಟಗಳನ್ನು ಇರಿಸಲು ಕಾಗದವೂ ಬೇಡ, ಮೊಳೆ ಜೋಡಿಸುವವನೂ ಬೇಡ. ಆದುದರಿಂದ ಉದ್ದವಾಯಿತೆಂದೋ ಪ್ರಶ್ನೆ ತೀರ ಸರಳವೆಂದೋ ನಮ್ಮ ವಿದ್ವತ್ಪತ್ರಿಕೆಗಳು ಕತ್ತರಿಸುವ ಭಾಗಗಳನ್ನು ಎಸೆಯದೆ, ಪ್ರಬಂಧದ ಅನುಬಂಧವಾಗಿ ಎಲ್ಲರಿಗೂ ದೊರೆಯುವಂತೆ ಇರಿಸಬೇಕೆಂಬುದು ನಮ್ಮ ಅಭಿಪ್ರಾಯ.