ಪದವಿಚಾರ: ಹುಚ್ಚು

ಯುಗಾದಿಯ ಕೂಟದಲ್ಲಿ ಊಟಕ್ಕೆ ಕುಳಿತಿದ್ದಾಗ ಪಕ್ಕದ ಎಲೆಯ ಹುಡುಗನೊಬ್ಬ, “ಮಾಮಾ, ಇನ್‌ಸ್ಯಾನಿಟಿಗೆ ಕನ್ನಡದಲ್ಲಿ ಏನೆನ್ನುತ್ತಾರೆ?” ಎಂದು ಕೇಳಿದ. “ಹುಚ್ಚು ಕಣಪ್ಪ” ಎಂದೆವು, ಹೋಳಿಗೆ ಮುರಿಯುತ್ತ. ಎದುರು ಸಾಲಿನಲ್ಲಿದ್ದ ತಾಯಿಯೊಬ್ಬರು ತಲೆ ತಗ್ಗಿಸಿದರು. ಅವರ ಮಗ ಎರಡು ವರ್ಷದಿಂದ ಸಂಘದ ಕಡೆಗೆ ಬಂದಿಲ್ಲವೆಂಬುದು ನಮಗೆ ಆಗ ಹೊಳೆಯಿತು. ಕೈ ತೊಳೆಯುವಲ್ಲಿ ವಿಚಾರಿಸಿದೆವು. “ಅವನಿಗೆ ಹುಷಾರಿಲ್ಲ” ಎಂದಷ್ಟೇ ಹೇಳಿ ಅವರು ಹೊರಟುಹೋದರು. ಅಂದಿನಿಂದ ಈ ಎರಡು ಮಾತುಗಳೂ ನಮ್ಮನ್ನು ಬಿಟ್ಟಿಲ್ಲ.

ಹುಚ್ಚು ಎಂಬುದು ನಮ್ಮವರಿಗೆ ಬಲು ಸಲೀಸಾದ ಮಾತು. ಒಬ್ಬರಿಗೆ ನಾಟಕದ ಹುಚ್ಚು, ಇನ್ನೊಬ್ಬರಿಗೆ ಪುಸ್ತಕದ ಹುಚ್ಚು. ಎಳ್ಳಿನ ಜಾತಿಯದಲ್ಲದಿದ್ದರೂ ಎಣ್ಣೆ ಕೊಡುವ ಕರಿಯ ಕಾಳಿಗೆ ಹುಚ್ಚೆಳ್ಳು ಎಂದರು. ಅಜ್ಜಿ ಮೊಮ್ಮಗುವನ್ನು “ಹುಚ್ಚು ಮುಂಡೇದೆ” ಎಂದು ಕರೆದರೆ ಅದರಲ್ಲಿರುವುದು ಬರಿಯ ಅಕ್ಕರೆ. ಹುಚ್ಚಪ್ಪ, ಹುಚ್ಚಮ್ಮ ಎಂದು ಮಕ್ಕಳಿಗೆ ಹೆಸರಿಟ್ಟವರೂ ಉಂಟು. ಈ ಬಳಕೆಗಳ ಮೇಲೆ ನಮಗೆ ಜಗಳವಿಲ್ಲ. ಕಾಯಿಲೆ ಬಿದ್ದವರ ಮೇಲೆ ಅದೇ ಮಾತನ್ನು ಹೊರಿಸಿದಾಗ ಮಾತ್ರ ಅಕ್ಕರೆ ಹೋಗಿ ಗೇಲಿ ಉಳಿಯುತ್ತದೆ. ‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಗೆ ನಗುತ್ತೇವೆ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ಕಣ್ಣೀರಿಟ್ಟವರು ಎಷ್ಟು ಮಂದಿಯೋ!

ನಾವು ನೆಲೆಸಿರುವ ಊರುಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಮನೋರೋಗದ ಆಸ್ಪತ್ರೆಯಿರುವ ಜಾಗದ ಹೆಸರೇ ಹಾಸ್ಯಕ್ಕೆ ವಸ್ತು. ಮುಂಬಯಿಯಲ್ಲಿ ಠಾಣೆ, ಪುಣೆಯಲ್ಲಿ ಯೆರವಡಾ, ಚೆನ್ನೈನಲ್ಲಿ ಕೀಳ್ಪಾಕ್, ಹೈದರಾಬಾದಿನಲ್ಲಿ ಎರ್ರಗಡ್ಡ, ದೆಹಲಿಯವರಿಗೆ ಆಗ್ರಾ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದ್ದೇ ಇದೆ. ಚಿಕಿತ್ಸೆ ದೊರೆಯುವ ಬಾಗಿಲಿಗೆ ನಗೆಯಿಂದಲೇ ಬೀಗ ಹಾಕಿದಂತಾಯಿತು.

ಕಾನೂನು ತನ್ನ ಮಾತನ್ನು ತಿದ್ದಿಕೊಂಡಿತು. 1912ರ ಕಾಯಿದೆಯ ಹೆಸರಿನಲ್ಲೇ ‘ಲೂನಸಿ’ ಎಂದಿತ್ತು. ಚಂದ್ರನ ದೆಸೆಯಿಂದ ಬುದ್ಧಿ ಕೆಡುವುದೆಂಬ ಹಳೆಯ ನಂಬಿಕೆಯಿಂದ ಹುಟ್ಟಿದ ಪದ ಅದು. 1987ರ ಕಾಯಿದೆ ಅದನ್ನು ಕೈಬಿಟ್ಟಿತು. ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಗೆ ಸಮನಾಗಿ ಕಾಣಬೇಕು, ವಿಮೆಯೂ ಹಾಗೆಯೇ ದೊರೆಯಬೇಕು ಎಂದು 2017ರ ಕಾಯಿದೆ ವಿಧಿಸಿತು. ನಾವೋ, ಮನಸ್ಸಿಗೆ ಸಂಬಂಧಿಸಿದ್ದು ಎಂಬಷ್ಟೇ ಅರ್ಥವಿದ್ದ ‘ಮೆಂಟಲ್’ ಎಂಬ ಪದವನ್ನೂ ಬೈಗುಳ ಮಾಡಿಕೊಂಡೆವು. ಪಾತ್ರೆ ಬದಲಾದರೇನು, ಹಾಲಿಗೆ ಹುಳಿ ಹಿಂಡುವ ಕೈ ಅದೇ ತಾನೆ?

ಇನ್ನು ಆ ತಾಯಿಯ ಮಾತು. ‘ಹುಷಾರು’ ಪಾರಸಿಯಿಂದ ಬಂದ ಪದ. ‘ಹೋಶ್’ ಎಂದರೆ ಎಚ್ಚರ, ಪ್ರಜ್ಞೆ. ಹುಷಾರಿಲ್ಲ ಎಂದರೆ ಮೂಲದಲ್ಲಿ ಪ್ರಜ್ಞೆ ನೆಟ್ಟಗಿಲ್ಲ ಎಂದೇ ಅರ್ಥವಾಗಬೇಕು. ಆದರೂ ನೆಗಡಿಗೂ ಜ್ವರಕ್ಕೂ ನಾವು ಅದನ್ನೇ ಹೇಳುತ್ತೇವೆ, ಯಾರೂ ನಾಚುವುದಿಲ್ಲ. ಇನ್‌ಸ್ಯಾನಿಟಿಯ ಲ್ಯಾಟಿನ್ ಮೂಲಕ್ಕೂ ‘ಆರೋಗ್ಯವಿಲ್ಲ’ ಎಂಬಷ್ಟೇ ಅರ್ಥ. ಹುಡುಗನಿಗೆ ನಾವು ಕೊಡಬೇಕಾಗಿದ್ದ ಉತ್ತರ ಎದುರು ಸಾಲಿನಲ್ಲೇ ಇತ್ತು!

ಮರುವಾರ ಅವರ ಮನೆಗೆ ಹೋದೆವು. ಆ ತಾಯಿ ಕಾಫಿ ಕೊಟ್ಟು, “ಎರಡು ವರ್ಷದಲ್ಲಿ ಅವನನ್ನು ನೋಡಲು ಬಂದವರು ನೀವೇ ಮೊದಲು” ಎಂದರು. ಮಗ ಈಗ ಔಷಧಿ ತೆಗೆದುಕೊಳ್ಳುತ್ತಿದ್ದಾನೆ. ಡಾಕ್ಟರ ಭಾಷೆ ಅವನಿಗೆ ಬರುತ್ತದೆ. ಸಂಕಟ ಹೇಳಿಕೊಳ್ಳಲು ಮಾತ್ರ ಕನ್ನಡವೇ ಬೇಕಂತೆ. ಅಂಥವರಿಗಾಗಿ ಒಂದು ವಿಷಯ ತಿಳಿಸುತ್ತೇವೆ: ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಫೋನ್ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು, ಶುಲ್ಕವಿಲ್ಲ.

ಹೆಸರು ಹಾಕದೆ ಬರೆಯಬಹುದೆಂದು ಆ ತಾಯಿ ಒಪ್ಪಿದ ಮೇಲೆಯೇ ಇದನ್ನು ಬರೆದಿದ್ದೇವೆ. ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ: ನಾಟಕಕ್ಕೂ ಪುಸ್ತಕಕ್ಕೂ ಹುಚ್ಚು ಇರಲಿ. ಮನಸ್ಸು ನೊಂದವರಿಗೆ ಹುಷಾರಿಲ್ಲ ಎನ್ನೋಣ. ಹುಷಾರಿಲ್ಲದವರನ್ನು ಡಾಕ್ಟರಲ್ಲಿಗೆ ಕರೆದೊಯ್ಯುವುದೂ ಹಣ್ಣು ಹಿಡಿದು ನೋಡಿಬರುವುದೂ ನಮ್ಮವರಿಗೆ ಹೇಳಿಕೊಡಬೇಕಾದ ಪದ್ಧತಿಯಲ್ಲವಷ್ಟೆ.